ಸೊಂಡಿಲು ಮುರಿಯದ ಆನೆ

ಗಜೇಂದ್ರಗಡ
ಗುರುವಾರ, ೧೪ ನವೆಂಬರ್ ೨೦೨೪

ಸಿಮ್ರಾನಳ ಅಬ್ಬಾ ಅವರಿಗೆ ಜಬೀನ ಮಾಡುವ ಸಲಾಂ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವುದು ರೂಢಿ. ಕ್ಷೇಮವೆಂದರೆ ಇಷ್ಟು: ನಿಮ್ಮ ಅಮ್ಮಾನ ಮೊಣಕಾಲು ಚಳಿ ಬಿದ್ದಾಗಿನಿಂದ ಮತ್ತೆ ಹಿಡಿದುಕೊಂಡಿದೆ. ಮಗಳು ದಿನಾ ಬಸ್ಸಿನಲ್ಲಿ ನಿಂತುಕೊಂಡೇ ರೋಣದ ಕಾಲೇಜಿಗೆ ಹೋಗಿ ಬರುತ್ತಾಳೆ. ನನಗೆ ದಣಿವಾಗಿದೆ. ಜ್ವರ ಇಲ್ಲ, ನೆಗಡಿ ಇಲ್ಲ. ದವಾಖಾನೆಗೆ ಹೋದರೆ ಡಾಕ್ಟರು ಏನೆಂದು ಬರೆದುಕೊಳ್ಳಬೇಕೋ ತಿಳಿಯದಂಥದು. ರಾತ್ರಿಯಿಡೀ ನಿದ್ದೆ ಮಾಡಿ ಎದ್ದರೂ ಅದು ನನಗಿಂತ ಮೊದಲು ಎದ್ದು ಕೂತಿರುತ್ತದೆ.

ಫೋನಿರುವಾಗ ಪತ್ರ ಯಾಕೆ ಎಂದು ನೀವು ನಗಬಹುದು. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಮೂರನೆಯದಕ್ಕೆ ನೀವು ಇಟ್ಟುಬಿಡುತ್ತೀರಿ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಸಿಟ್ಟು ಬಂದರೆ ಹರಿದು ಹಾಕುತ್ತೀರಿ ನಿಜ, ಆದರೆ ಪೂರ್ತಿ ಓದಿಯೇ ಹರಿಯುತ್ತೀರಿ. ನಿಮ್ಮ ಸಂಗಡ ಇಷ್ಟು ವರ್ಷ ಬಾಳಿದವಳಿಗೆ ಅಷ್ಟು ಗೊತ್ತು.

ಸಂಗನಬಸವ ಕಾಕಾ ಕಿರಾಣಿ ಮಾಲು ತರಲು ನರಗುಂದಕ್ಕೆ ಬಂದಾಗ ನಿಮ್ಮನ್ನು ಕಂಡರಂತೆ. ಊರಿಗೆ ಬಂದವರೇ ಅಂಗಡಿಗೂ ಹೋಗದೆ ನೇರ ನಮ್ಮ ಮನೆಗೆ ಬಂದರು. "ಮೈನುದ್ದೀನ ಮುಂದಿನ ಐತಾರ ಬರ್ತಾನಂತವ್ವಾ. ಗಂಟು ಮೂಟಿ ಕಟಗೊಂಡು ಪೂರಾನ ಬರ್ತಾನಂತ. ಬರಲೋ ಬ್ಯಾಡೋ ಕೇಳ್ಕೊಂಡು ಬಾ ಅಂದಾನ" ಎಂದರು. ಆಮೇಲೆ ಚೀಲದಿಂದ ಹಳೆಯ ಅಂಗಿಯಲ್ಲಿ ಸುತ್ತಿದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಇದನ್ನೊಂದು ನೋಡಂತ ಹೇಳ್ಯಾನ. ಇನ್ನ ಸೊಂಡಿಲ ಮುರಿಯೂದಿಲ್ಲಂತ."

ಅಮ್ಮಾ ಹೊರಸಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಾ ಹ್ಯಾಂಗದೀನಿ ಅಂತ ಕೇಳ್ಯಾನೇನು?" ಎಂದರು. ಕಾಕಾ ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬಾಯಿ ತೆರೆದರು, ಬರಲಿಲ್ಲ. ಚಹಾ ಕುಡಿಯುವ ನೆಪದಲ್ಲಿ ಕಪ್ಪಿನೊಳಗೆ ಮುಖ ಇಟ್ಟುಕೊಂಡರು.

ಬರಲೋ ಬೇಡವೋ ಎಂದು ಕೇಳಿದ್ದೀರಿ. ಈ ಪತ್ರವೇ ಅದಕ್ಕೆ ಉತ್ತರ. ಆದರೆ ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಲು ನನಗಾಗುತ್ತಿಲ್ಲ. ಸುತ್ತು ಹಾಕಿ ಬರುತ್ತೇನೆ, ತಾಳಿಕೊಳ್ಳಿ.

ನಾನು ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಎರಡು ಕಸುಬಿದ್ದವು. ಮುಂದಿನ ಪಡಸಾಲೆಯಲ್ಲಿ ಮಾವ ಯಮನೂರಸಾಬರ ತಗಡಿನ ಕೆಲಸ: ಪೆಟ್ಟಿಗೆ, ಚಿಮಣಿ, ಎಣ್ಣೆ ಸುರಿಯುವ ಲಾಳಿಕೆ. ಹಿತ್ತಲಲ್ಲಿ ಅಮ್ಮಾನ ಭಟ್ಟಿ: ಬ್ರೆಡ್ಡು, ಖಾರಿ, ಟೋಸ್ಟು. ಪ್ಲಾಸ್ಟಿಕ್ ಬಂದು ಮುಂದಿನ ಕಸುಬನ್ನು ನುಂಗಿಹಾಕಿತು, ಹಿಂದಿನದು ಉಳಿಯಿತು. ಮಾವನ ಕತ್ತರಿ ಸುತ್ತಿಗೆ ನಿಮ್ಮ ಕೈಗೆ ಬಂದವು. ನೀವು ಸುಮ್ಮನೆ ಕೂಡುವ ಜೀವವಲ್ಲ. ಬ್ರೆಡ್ಡು ಇಟ್ಟಂಗಿಯ ಹಾಗೆ ಚೌಕವಾಗಿಯೇ ಯಾಕಿರಬೇಕು ಎಂದು ಕೇಳಿ, ಬ್ರೆಡ್ಡಿನ ಡಬ್ಬಿಗಳನ್ನೇ ಬಗೆಬಗೆಯಾಗಿ ಬಡಿಯತೊಡಗಿದಿರಿ. ಮೊದಲು ಹೂವು. ಆಮೇಲೆ ಮೀನು. ಆಮೇಲೆ ನವಿಲು, ಅದರ ಬಾಲದಲ್ಲಿ ಎಣಿಸಲಾರದಷ್ಟು ಗೀರು.

ನಿಮ್ಮ ಕೈಯಲ್ಲಿ ಕಲೆ ಇದೆ. ಇದನ್ನು ನಾನು ಯಾವತ್ತೂ ಇಲ್ಲವೆಂದಿಲ್ಲ. ಯಾವಗಲ್ಲಿನಿಂದ, ರೋಣದಿಂದ ಜನ ಮಕ್ಕಳ ಹುಟ್ಟುಹಬ್ಬಕ್ಕೆಂದು ಮೊದಲೇ ಹೇಳಿ ಹೋಗುತ್ತಿದ್ದರು. ಮೀನಿನ ಬ್ರೆಡ್ಡು ನೋಡಿದ ಹುಡುಗರು ತಿನ್ನಲಿಕ್ಕೂ ಒಲ್ಲದೆ ಕೈಯಲ್ಲಿ ಹಿಡಿದುಕೊಂಡು ಓಣಿ ಸುತ್ತುತ್ತಿದ್ದರು. ಆಗ ನಿಮ್ಮ ಮುಖ ನೋಡಬೇಕಿತ್ತು. ನನಗೂ ಸಂತೋಷವಾಗುತ್ತಿತ್ತು, ಖರೇ ಹೇಳುತ್ತೇನೆ.

ಆದರೆ ಒಂದು ಮಾತು. ಆಕಾರ ನಿಮ್ಮದು, ಮೂಲೆ ನನ್ನದು. ನವಿಲಿನ ಬಾಲದ ಒಂದೊಂದು ಗೀರಿಗೂ ಎಣ್ಣೆ ಸವರಬೇಕು, ಹಿಟ್ಟು ಉದುರಿಸಬೇಕು. ಬೆಂದ ಮೇಲೆ ಸೆರಗಿನಲ್ಲಿ ಹಿಡಿದು ತಟ್ಟಿ ತಟ್ಟಿ ಬಿಡಿಸಬೇಕು. ಬಿಡದೆ ಒಳಗೆ ಅಂಟಿಕೊಂಡದ್ದನ್ನು ಬೇವಿನ ಕಡ್ಡಿಯಿಂದ ಕೆದರಿ ತೆಗೆಯಬೇಕು. ಚೌಕ ಡಬ್ಬಿಯಾದರೆ ಒಂದು ಸಲ ಬಟ್ಟೆಯಾಡಿಸಿದರೆ ಮುಗಿಯಿತು. ನೀವು ಹೊಸ ಡಬ್ಬಿ ಮುಗಿಸಿ, ಅದನ್ನು ಬಿಸಿಲಿಗೆ ಹಿಡಿದು ನೋಡಿ, ಊಟ ಮಾಡಿ ಮಲಗುತ್ತಿದ್ದಿರಿ. ನಾನು ಹಿತ್ತಲಲ್ಲಿ ಕಾಯಿನಾರು ಹಿಡಿದುಕೊಂಡು ನಿಮ್ಮ ಕಲೆಯನ್ನು ತಿಕ್ಕುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆ ಹೆಗ್ಗಣವನ್ನು ತೊಳೆಯುವವರನ್ನು ಯಾರೂ ಕೇಳುವುದಿಲ್ಲ.

ಎತ್ತಿನ ಡಬ್ಬಿ ನೆನಪಿದೆಯೇ? ಮಣ್ಣೆತ್ತಿನ ಅಮವಾಸ್ಯೆಗೆ ಎಲ್ಲರ ಮನೆಯಲ್ಲೂ ಮಣ್ಣಿನ ಎತ್ತು ಇಟ್ಟು ಪೂಜೆ ಮಾಡುತ್ತಾರೆ, ನಾವು ಬ್ರೆಡ್ಡಿನ ಎತ್ತು ಮಾಡಿದರೆ ಕೈಯಿಂದ ಕಸಿದುಕೊಂಡು ಹೋಗುತ್ತಾರೆ ಎಂದು ಕೂತಿರಿ. ಭಟ್ಟಿ ತುಂಬ ಎತ್ತು ಬೇಯಿಸಿದೆವು. ಓಣಿಯ ಆಚೆ ಕಡೆಯ ಕರೆವ್ವಾಯಿ ಬಂದು ನೋಡಿ ಗಲ್ಲ ಗಲ್ಲ ಬಡಿದುಕೊಂಡಳು. "ಬಸವಣ್ಣನ ಕುತ್ತಿಗಿಗೆ ಚಾಕು ಹಚ್ಚಿ ಕೊಯ್ಕೊಂಡು ತಿನ್ನೂದೇನೋ ಯಪ್ಪಾ? ಯಾರು ತಿಂತಾರ?" ಎಂದಳು. ಯಾರೂ ತಿನ್ನಲಿಲ್ಲ. ಕಡೆಗೆ ಆಕೆಯೇ ಬುಟ್ಟಿ ತುಂಬಿಸಿಕೊಂಡು ಹೋಗಿ ಮೊಮ್ಮಗ ಕಲ್ಲೇಶನ ಎತ್ತುಗಳಿಗೆ ಹಾಕಿದಳು. ಎತ್ತುಗಳು ಎತ್ತುಗಳನ್ನು ತಿಂದವು. ಅಮ್ಮಾ ಒಂದು ವಾರ ನಗುತ್ತಿದ್ದರು. ನಿಮಗೆ ಮಾತ್ರ ನಗು ಬರಲಿಲ್ಲ, ಚಲೋ ಡಬ್ಬಿ ವ್ಯರ್ಥವಾಯಿತೆಂದು ಮುಖ ಗಂಟು ಹಾಕಿಕೊಂಡಿರಿ.

ಆಮೇಲೆ ಬಂತು ಆನೆ. ಆನೆಯ ಹಾಗೆ ಕಾಣುವ ಗುಡ್ಡದ ಬುಡದಲ್ಲಿ ಹುಟ್ಟಿದವನು ಆನೆ ಮಾಡದಿದ್ದರೆ ಹೇಗೆ ಎಂದು ನೀವೇ ಹೇಳಿಕೊಂಡಿರಿ. ಸೊಂಡಿಲು ಮುಂದೆ ಚಾಚಿದ ಆನೆ. ತಗಡಿನ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಬಡಿದ ಡಬ್ಬಿಯಲ್ಲಿ ಸೊಂಡಿಲಿನ ಜಾಗ ಇಕ್ಕಟ್ಟಾಗುತ್ತಿತ್ತು. ಬ್ರೆಡ್ಡು ಬೋರಲು ಹಾಕಿದರೆ ಆನೆ ಈ ಕಡೆ, ಸೊಂಡಿಲು ಡಬ್ಬಿಯೊಳಗೆ. ಸೊಂಡಿಲಿಲ್ಲದ ಆನೆಯನ್ನು ಯಾರು ಕೊಳ್ಳುತ್ತಾರೆ? ಅವೆಲ್ಲ ನಮ್ಮ ಮನೆಯ ಪಾಲು. ನಮ್ಮ ಸಿಮ್ರಾನ ಎಷ್ಟೋ ವರ್ಷ ಆನೆಗೆ ಸೊಂಡಿಲೇ ಇರುವುದಿಲ್ಲ ಎಂದು ತಿಳಿದಿದ್ದಳು. ಸಾಲೆಯಲ್ಲಿ ಹಾಗೆಯೇ ಚಿತ್ರ ಬರೆದು ಮಾಸ್ತರರ ಕೈಲಿ ಬೈಸಿಕೊಂಡು ಬಂದಳು.

ಅದಕ್ಕೇ ನೀವು ಎರಡನೇ ಆನೆ ಮಾಡಿದಿರಿ, ಬೆಸುಗೆಯದು. ಅಂಚುಗಳನ್ನು ಮಡಿಸದೆ ಹೊರಗಿನಿಂದ ಸೀಸದ ಬೆಸುಗೆ ಹಾಕಿದಿರಿ, ಒಳಗೆ ಸೊಂಡಿಲಿಗೆ ಜಾಗ ಸಿಕ್ಕಿತು. ಆ ವರ್ಷದ ರಂಜಾನಿನಲ್ಲಿ ಅದರೊಳಗೆ ಚೈನಾ ಗ್ರಾಸಿನ ಸಿಹಿ ಹೆಪ್ಪು ಹಾಕಿದೆ. ಹಾಲು, ಸಕ್ಕರೆ, ಸ್ವಲ್ಪ ಪಿಸ್ತಾ. ತಣ್ಣಗಾದ ಮೇಲೆ ಡಬ್ಬಿಯ ತಳವನ್ನು ಬೆಚ್ಚನೆಯ ನೀರಿಗೆ ಒಂದು ಸಲ ಮುಟ್ಟಿಸಿ ತಾಟಿನ ಮೇಲೆ ಬೋರಲು ಹಾಕಿದರೆ, ಬಿಳಿ ಆನೆ ಸೊಂಡಿಲು ಸಮೇತ ಅಲುಗುತ್ತ ನಿಂತಿತ್ತು. ರೋಜಾ ಬಿಡಲು ಕೂತವರು ಖರ್ಜೂರ ಬಾಯಿಗಿಟ್ಟುಕೊಳ್ಳುವುದನ್ನೂ ಮರೆತು ನೋಡಿದರು. ಆವತ್ತು ನೀವು ನನ್ನ ಮುಖ ನೋಡಿ ನಕ್ಕಿರಿ. ಆ ನಗು ನನಗೆ ಈಗಲೂ ಬೇಕಾಗುತ್ತದೆ. ಬರೆಯಬಾರದೆಂದಿದ್ದೆ, ಬರೆದೆ.

ಬೆಸುಗೆಯ ಡಬ್ಬಿ ಎಲ್ಲಿರಬೇಕು, ಮಡಿಕೆಯ ಡಬ್ಬಿ ಎಲ್ಲಿರಬೇಕು ಎಂದು ಮಾವ ನಿಯಮ ಮಾಡಿಟ್ಟು ಹೋಗಿದ್ದರು. ಭಟ್ಟಿಯ ಪಕ್ಕದ ಗೋಡೆಯ ಮೊಳೆಗಳಿಗೆ ಮಡಿಕೆಯವು, ಅವು ಬೆಂಕಿಗೆ ಹೋಗುವಂಥವು. ನೀರಿನ ಹಂಡೆಯ ಪಕ್ಕದ ಗೋಡೆಗೆ ಬೆಸುಗೆಯವು, ಅವು ತಣ್ಣನೆಯ ಸಿಹಿಗೆ ಮಾತ್ರ. ಬಿಸಿ ಗೋಡೆ, ತಂಪು ಗೋಡೆ ಎಂದು ನಾವು ಅನ್ನುತ್ತಿದ್ದುದು. ಸೀಸ ಭಟ್ಟಿಯಲ್ಲಿ ಕರಗುತ್ತದೆ ಎಂದು ತಗಡು ಮುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಮ್ರಾನ ಕೂಡ ತಂಪು ಗೋಡೆಯ ಡಬ್ಬಿಯನ್ನು ಒಂದು ದಿನವೂ ಬಿಸಿ ಗೋಡೆಗೆ ಹಾಕಿದವಳಲ್ಲ.

ಎರಡು ವರ್ಷದ ಹಿಂದೆ ಕಲ್ಲೇಶ ತನ್ನ ಮಗನ ಹುಟ್ಟುಹಬ್ಬಕ್ಕೆ ಆನೆ ಬ್ರೆಡ್ಡು ಬೇಕೆಂದ. ಸೊಂಡಿಲು ಮುರಿಯಬಾರದು ನೋಡಣ್ಣ ಎಂದ. ನಾನು ಮುಶಿಗೇರಿಯಲ್ಲಿ ತೀರಿಕೊಂಡವರೊಬ್ಬರ ಮಣ್ಣಿಗೆ ಹೋಗಿದ್ದೆ, ಅಮ್ಮಾ ಮಲಗಿದ್ದರು. ನೀವು ತಂಪು ಗೋಡೆಯ ಆನೆಯನ್ನು ತೆಗೆದು ಹಿಟ್ಟು ತುಂಬಿ ಭಟ್ಟಿಗಿಟ್ಟಿರಿ. ಬೆಂಕಿ ಸಣ್ಣದಿದೆ, ಏನೂ ಆಗುವುದಿಲ್ಲ ಎಂದುಕೊಂಡಿರಿ. ಬ್ರೆಡ್ಡು ಸೊಂಡಿಲು ಸಮೇತ ಇಡಿಯಾಗಿ ಬಂತು. ಡಬ್ಬಿಯ ಸಂದು ಬಿಟ್ಟಿದ್ದನ್ನು ನೋಡಿದ್ದಿರೋ ಇಲ್ಲವೋ ನಾನು ಇವತ್ತಿನವರೆಗೆ ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ಕಲ್ಲೇಶನ ಮನೆಯಲ್ಲಿ ಹೊಸದೇನು ಬಂದರೂ ಹಿರಿಯರು ಮೊದಲು ಬಾಯಿಗೆ ಹಾಕಿಕೊಂಡು ಆಮೇಲೆ ಮಕ್ಕಳಿಗೆ ಕೊಡುವ ಪದ್ಧತಿ. ಕರೆವ್ವಾಯಿ ಸೊಂಡಿಲು ಮುರಿದು ಕಚ್ಚಿದಳು. ಆಕೆಗೆ ಉಳಿದಿದ್ದ ಗಟ್ಟಿ ಹಲ್ಲು ಅದೊಂದೇ, ಎಲೆಅಡಿಕೆಗೆಂದು ಜೋಪಾನ ಮಾಡಿಟ್ಟುಕೊಂಡಿದ್ದಳು. ಅದು ಹೋಯಿತು. ಬಾಯಿಂದ ಜೋಳದ ಕಾಳಿನಷ್ಟು ಹೊಳೆಯುವ ಸೀಸ ತೆಗೆದು ಅಂಗೈಯಲ್ಲಿಟ್ಟುಕೊಂಡು, ಬಾಯಲ್ಲಿ ರಕ್ತ ತುಂಬಿದ್ದರೂ "ಹುಡುಗರಿಗೆ ಕೊಡಬ್ಯಾಡ್ರಿ" ಎಂದು ಕೂಗಿದಳಂತೆ. ಒಂದು ಮಗುವೂ ತಿನ್ನಲಿಲ್ಲ. ಆ ಮುದುಕಿಯ ಹಲ್ಲು ಓಣಿಯ ಮಕ್ಕಳನ್ನು ಕಾಯಿತು.

ನಾನು ಬಸ್ಸಿಳಿದು ಬರುವಷ್ಟರಲ್ಲಿ ನಮ್ಮ ಬಾಗಿಲ ಮುಂದೆ ಜನ. ಕಲ್ಲೇಶ ಆ ಕಾಳನ್ನು ಕಾಗದದಲ್ಲಿಟ್ಟುಕೊಂಡು ನಿಂತಿದ್ದ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನಿಮ್ಮನ್ನು ಕೇಳಿದರು. ಒಳಗೆ ಹೋಗಿ ನೋಡಿದೆ, ಪಡಸಾಲೆಯಲ್ಲಿಲ್ಲ, ಭಟ್ಟಿಯ ಹತ್ತಿರ ಇಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನೀವು ತಗಡು ತರಲು ನರಗುಂದಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೋಗಿದ್ದೀರೆಂದು ಅಮ್ಮಾ ಹೇಳಿದರು. ಅಮ್ಮಾನಿಗೆ ಆಗ ಇನ್ನೂ ಏನೂ ಗೊತ್ತಿರಲಿಲ್ಲ.

ತಗಡು ತರಲು ಹೋದವರು ನೀವು ಇನ್ನೂ ತರುತ್ತಲೇ ಇದ್ದೀರಿ.

ಆ ದಿನ ಅಷ್ಟೂ ಜನರ ಮುಂದೆ ನಾನು ನಿಂತೆ. ಬಾಯಿಗೆ ಬಂದದ್ದನ್ನು ಅಂದರು, ಅನ್ನಿಸಿಕೊಂಡೆ. ಬೆಸುಗೆಯ ಡಬ್ಬಿಗಳನ್ನೆಲ್ಲ ಓಣಿಯಲ್ಲೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದೆ, ಜನ ನೋಡಲಿ ಎಂದು. ಆ ವಾರ ಬ್ರೆಡ್ಡು ಒಯ್ದವರ ಮನೆಮನೆಗೆ ಹೋಗಿ, ಉಳಿದಿದ್ದರೆ ಎಸೆಯಿರಿ ಎಂದು ಹೇಳಿ ಬಂದೆ. ಕೆಲವರು ಒಳಗೆ ಕರೆದು ನೀರು ಕೊಟ್ಟರು, ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಭಟ್ಟಿ ಆರಿಹೋಯಿತು. ಮತ್ತೆ ಹೊತ್ತಿಸಿದ ದಿನ ಮೊದಲ ಬ್ರೆಡ್ಡು ಕೊಂಡವಳು ಕರೆವ್ವಾಯಿ. ಓಣಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತು ಚಹಾದಲ್ಲಿ ಅದ್ದಿ ತಿಂದಳು. ಅದಾದ ಮೇಲೆ ಉಳಿದವರು ಬಂದರು.

ಅಂದಿನಿಂದ ನಾನು ಚೌಕ ಬ್ರೆಡ್ಡು ಬಿಟ್ಟು ಬೇರೇನೂ ಮಾಡುತ್ತಿಲ್ಲ. ಇಟ್ಟಂಗಿಯಂಥದು. ಹೊಟೇಲಿನವರು ಒಯ್ಯುತ್ತಾರೆ, ದವಾಖಾನೆಯ ಮುಂದಿನ ಅಂಗಡಿಯವರು ಒಯ್ಯುತ್ತಾರೆ. ನೋಡಿ ಯಾರೂ ಆಹಾ ಅನ್ನುವುದಿಲ್ಲ. ಡಬ್ಬಿ ಬೇಗ ತೊಳೆದಾಗುತ್ತದೆ, ಮಧ್ಯಾಹ್ನ ಅಮ್ಮಾನ ಕಾಲಿಗೆ ಎಣ್ಣೆ ತಿಕ್ಕಲು ಹೊತ್ತು ಸಿಗುತ್ತದೆ.

ಈಗ ನಿಮ್ಮ ಹೊಸ ಡಬ್ಬಿಯ ಮಾತು. ಕಾಕಾ ಕೊಟ್ಟು ಹೋದ ಮೇಲೆ ಒಂದು ದಿನ ಅದನ್ನು ಬಿಚ್ಚದೆ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಬಿಚ್ಚಿದೆ. ಬೆರಳಾಡಿಸಿ ನೋಡಿದೆ. ಮಡಿಕೆ ಇಲ್ಲ, ಬೆಸುಗೆ ಇಲ್ಲ. ಒಂದೇ ತಗಡನ್ನು ಒತ್ತಿ ಒತ್ತಿ ತೆಗೆದಿದ್ದೀರಿ. ಇಷ್ಟು ವರ್ಷ ಮುಂದೆ ಚಾಚಿ ಮುರಿಯುತ್ತಿದ್ದ ಸೊಂಡಿಲನ್ನು ಈ ಸಲ ಎದೆಗೆ ಮಡಿಸಿಟ್ಟಿದ್ದೀರಿ. ಇಷ್ಟು ಸರಳವಾದದ್ದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ. ಮೂಲೆಗಳೆಲ್ಲ ದುಂಡಗಿವೆ, ಬಟ್ಟೆ ಸಲೀಸಾಗಿ ಒಳಗೆ ತಿರುಗುತ್ತದೆ. ತೊಳೆಯುವವಳ ಕೈಯನ್ನು ನೆನೆದೇ ಮಾಡಿದ್ದು ಎಂದು ನನಗೆ ತಿಳಿಯಿತು. ತಿಳಿಯದೆ ಇರುತ್ತದೆಯೇ?

ಹಿಟ್ಟು ತುಂಬಿ ಬೇಯಿಸಿದೆ. ಬೋರಲು ಹಾಕಿ ಒಂದು ಸಲ ತಟ್ಟಿದೆ, ಆನೆ ಇಡಿಯಾಗಿ ನನ್ನ ಸೆರಗಿಗೆ ಬಂತು. ಬಿಸಿಯಾಗಿತ್ತು. ತೊಡೆಯ ಮೇಲಿಟ್ಟುಕೊಂಡು ಭಟ್ಟಿಯ ಮುಂದೆ ಕೂತು ಅತ್ತೆ. ಸಿಮ್ರಾನ ಬಂದು ನೋಡಿ ಕಾಲೇಜಿಗೆ ಹೋದಳು. ಆ ಕ್ಷಣ ನೀವು ಬಾಗಿಲಿಗೆ ಬಂದಿದ್ದರೆ ನಾನು ಒಂದು ಮಾತೂ ಕೇಳದೆ ಒಳಗೆ ಕರೆಯುತ್ತಿದ್ದೆ.

ಆದರೆ ಬಂದದ್ದು ಡಬ್ಬಿ ಮಾತ್ರ. ನಾನು ಬ್ರೆಡ್ಡನ್ನು ತಾಟಿನಲ್ಲಿಟ್ಟುಕೊಂಡು ಕರೆವ್ವಾಯಿಯ ಮನೆಗೆ ಹೋದೆ. ಮೊದಲು ಆಕೆಗೆ ತೋರಿಸಬೇಕು ಅನ್ನಿಸಿತು. ಯಾರು ಮಾಡಿದ ಡಬ್ಬಿ, ಹೇಗೆ ಬಂತು ಎಲ್ಲ ಹೇಳಿದೆ, ಬೆಸುಗೆ ಇಲ್ಲ ಎಂದು ಎರಡೆರಡು ಸಲ ಹೇಳಿದೆ. ಆಕೆ ತಿರುಗಿಸಿ ತಿರುಗಿಸಿ ನೋಡಿದಳು. ಹೆದರದೆ ಮುರಿದು ಬಾಯಿಗೆ ಹಾಕಿಕೊಂಡಳು, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಮೆದ್ದಳು.

"ಚಲೋ ಆಗೇತವ್ವಾ. ಭಾಳ ಚಲೋ ಆಗೇತಿ" ಎಂದಳು. ಆಮೇಲೆ ಬಾಯಿ ಒರೆಸಿಕೊಂಡು, "ಆದ್ರ ಇದನ್ನ ನೀ ತರಬಾರದಿತ್ತು ಜಬೀನಾ. ಅವ ತಂದು ಕೊಡಬೇಕಿತ್ತು. ಹಲ್ಲ ಹೋತು, ಹೋಗ್ಲಿ, ಅದು ಹೋಗೂದ ಇತ್ತು. ಎರಡು ವರ್ಷದಾಗ 'ಆಯೀ, ಬಾಯಿ ನೋವು ಹ್ಯಾಂಗೈತಿ' ಅಂತ ಒಂದ ಮಾತು ಕೇಳಲಿಲ್ಲಲ್ಲ, ಅದೊಂದು ನೋಡು ಈಗೂ ನೋಯ್ತೈತಿ" ಎಂದಳು.

ನಾನು ಎರಡು ವರ್ಷ ಹುಡುಕುತ್ತಿದ್ದ ಮಾತನ್ನು ಆ ಮುದುಕಿ ಬ್ರೆಡ್ಡು ಮೆಲ್ಲುತ್ತ ಹೇಳಿಬಿಟ್ಟಳು. ನಿಮ್ಮ ಕೈಯಿಂದ ತಪ್ಪಾದದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಲಸ ಮಾಡುವ ಕೈಗೆ ತಪ್ಪು ಆಗುತ್ತದೆ. ಎಡವಿದ ಮನುಷ್ಯ ಕಲ್ಲು ನೋಡುತ್ತಾನೆ, ನೀವು ಎರಡು ವರ್ಷ ಕೂತು ಆ ಕಲ್ಲನ್ನು ನುಣುಪು ಮಾಡಿದಿರಿ. ಯಾರ ಮೇಲೆ ಬಿದ್ದಿರಿ ಎಂದು ತಿರುಗಿ ನೋಡಲಿಲ್ಲ. ನರಗುಂದವೇನು ದಿಲ್ಲಿಯೇ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು. ಕೊಣ್ಣೂರಿನ ಸೇತುವೆ ಮುಳುಗಿದೆ ಎಂದು ನೀವು ಒಂದು ಸಲ ಫೋನಿನಲ್ಲಿ ನೆಪ ಹೇಳಿದಿರಿ. ಕೊಣ್ಣೂರು ನಿಮ್ಮಿಂದ ಆಚೆ ಕಡೆಗಿದೆ, ನಮ್ಮ ಕಡೆಗಲ್ಲ.

ನನ್ನ ಉತ್ತರಕ್ಕೆ ಬರುತ್ತೇನೆ. ಮನೆ ನಿಮ್ಮ ಅಪ್ಪನದು, ಭಟ್ಟಿ ನಿಮ್ಮ ಅವ್ವನದು. ಬರಬೇಡಿ ಎನ್ನಲು ನಾನು ಯಾರು? ಬನ್ನಿ. ಆದರೆ ನಾನು ಇರುವುದಿಲ್ಲ. ರೋಣದಲ್ಲಿ ಬಸ್ ನಿಲ್ದಾಣದ ಹಿಂದೆ ಹಳೆಯ ಭಟ್ಟಿ ಇರುವ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಸಿಮ್ರಾನಳಿಗೆ ಕಾಲೇಜು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಾಳೆ ಬೆಳಿಗ್ಗೆ ಟೆಂಪೋ ಬರುತ್ತದೆ. ಚೌಕ ಡಬ್ಬಿಗಳನ್ನಷ್ಟೇ ಒಯ್ಯುತ್ತೇನೆ. ನಿಮ್ಮ ಹೂವು, ಮೀನು, ನವಿಲು ಬಿಸಿ ಗೋಡೆಗೇ ಇವೆ, ತಿಕ್ಕಿ ಎಣ್ಣೆ ಸವರಿ ತೂಗುಹಾಕಿದ್ದೇನೆ, ತುಕ್ಕು ಹಿಡಿದಿಲ್ಲ. ಹೊಸ ಆನೆಯೂ ಅಲ್ಲೇ ಇದೆ. ಅದನ್ನು ಒಯ್ಯಬೇಕು ಅನ್ನಿಸಿತ್ತು, ಒಯ್ಯಲಿಲ್ಲ.

ತಲಾಕಿನ ಮಾತು ಆಡುತ್ತಿಲ್ಲ. ಅದರ ಬಗ್ಗೆ ಯೋಚಿಸಲಿಕ್ಕೂ ತ್ರಾಣ ಬೇಕು, ನನ್ನಲ್ಲಿಲ್ಲ. ಮುಂದೊಂದು ದಿನ ರೋಣಕ್ಕೆ ಬರಬೇಕೆಂದು ನಿಮಗೆ ಅನ್ನಿಸಿದರೆ ಮೊದಲು ಕರೆವ್ವಾಯಿಯ ಕಡೆ ಹೋಗಿ ಆಮೇಲೆ ಬನ್ನಿ. ಬಂದರೆ ಬಾಗಿಲು ತೆರೆಯುತ್ತೇನೋ ಇಲ್ಲವೋ, ಈಗಲೇ ಮಾತು ಕೊಡಲಾರೆ.

ಅಮ್ಮಾನನ್ನು ನಿಮಗೆ ಬಿಟ್ಟು ಹೋಗುತ್ತಿದ್ದೇನೆ. ಕರೆದುಕೊಂಡು ಹೋಗುವ ಆಸೆ ಇದೆ, ಆದರೆ ಮಗ ಬರುವ ಹೊತ್ತಿಗೆ ತಾಯಿಯನ್ನು ಮನೆಯಿಂದ ಎಬ್ಬಿಸಿಕೊಂಡು ಹೋದಳು ಎಂಬ ಮಾತು ನನಗೆ ಬೇಡ. ಅವರಿಗೂ ಮಗನ ಮುಖ ನೋಡುವ ಆಸೆ ಇರುತ್ತದೆ. ಅವರ ಚಹಾಕ್ಕೆ ಸಕ್ಕರೆ ಬೇಡ, ಇಲ್ಲ ಎಂದರೆ ಜಗಳ ಮಾಡುತ್ತಾರೆ, ಸೋಲಬೇಡಿ. ಬಿಪಿ ಗುಳಿಗೆ ಬೆಳಿಗ್ಗೆ ಉಂಡ ಮೇಲೆ. ಬ್ರೆಡ್ಡಿನ ಅಂಚು ಕೊಯ್ದು ಕೊಡಬೇಕು. ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಿಕ್ಕುವಾಗ ಮಾವನ ಸುದ್ದಿ ತೆಗೆಯುತ್ತಾರೆ, ಅದೇ ಸುದ್ದಿ, ಆದರೂ ಹ್ಞೂಂ ಅನ್ನುತ್ತಿರಬೇಕು. ಹ್ಞೂಂ ಅನ್ನದಿದ್ದರೆ ಮೊದಲಿನಿಂದ ಶುರು ಮಾಡುತ್ತಾರೆ. ನೀವು ಬರುವವರೆಗೆ ಹ್ಞೂಂ ಅನ್ನಲು ಕರೆವ್ವಾಯಿ ಬಂದು ಇರುತ್ತಾಳೆ.

ಈ ಪತ್ರವನ್ನು ಸಂಗನಬಸವ ಕಾಕಾ ಶನಿವಾರ ನಿಮಗೆ ಮುಟ್ಟಿಸುತ್ತಾರೆ. ಏನಿದೆ ಎಂದು ಅವರನ್ನು ಕೇಳಬೇಡಿ, ಅವರಿಗೆ ಹೇಳಿಲ್ಲ. ಹೊಟ್ಟೆತುಂಬ ಉಣ್ಣಿರಿ. ಬೆಂಕಿಯ ಮುಂದೆ ಕೂತು ಕೆಲಸ ಮಾಡುವಾಗ ಕಣ್ಣು ನೋಡಿಕೊಳ್ಳಿ.

ಇಂತಿ,
ಇನ್ನೂ ನಿಮ್ಮ ಹೆಸರು ಹಿಡಿದು ಕರೆಯಲು ಬಾರದ
ಜಬೀನ

ತಾ.ಕ.: ಶುಕ್ರವಾರ ಬೆಳಿಗ್ಗೆ. ಟೆಂಪೋ ಬಂತು. ಹಿಟ್ಟಿನ ಚೀಲ, ಡಬ್ಬಿ ಎಲ್ಲ ಏರಿಸಿ, ಅಮ್ಮಾನಿಗೆ ಹೇಳಿ ಹೊರಡೋಣವೆಂದು ಒಳಗೆ ಹೋದರೆ ಹೊರಸು ಖಾಲಿ. ಹೊರಗೆ ಬಂದು ನೋಡಿದೆ. ನಮಾಜಿನ ಚಾಪೆ, ಗುಳಿಗೆಯ ಚೀಲ, ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಡ್ರೈವರನ ಪಕ್ಕದಲ್ಲಿ ಕೂತಿದ್ದಾರೆ. "ಐತಾರ ನಿಮ್ಮ ಮಗ ಬರುತ್ತಾರೆ, ನೀವು ಇರಬೇಕಲ್ಲ ಅಮ್ಮಾ" ಎಂದೆ. "ಬರ್ಲಿ. ಅವಂಗ ಮನಿ ಗೊತ್ತೈತಿ, ಭಟ್ಟಿ ಗೊತ್ತೈತಿ. ಮಂದಿ ಬಾಗಲಕ್ಕ ಬಂದಾಗ ಅವ ನಿನ್ನ ಒಬ್ಬಾಕಿನ್ನ ಬಿಟ್ಟು ಹೋದ. ನಾನೂ ಬಿಟ್ರ ಅವಂಗೂ ನನಗೂ ಫರಕ್ ಏನು ಉಳೀತು?" ಎಂದು ಬಾಗಿಲು ಹಾಕಿಕೊಂಡರು. ಎಷ್ಟು ಹೇಳಿದರೂ ಉಳಿಯಲು ಒಪ್ಪುತ್ತಿಲ್ಲ. ಹಾಗಾಗಿ ಮೇಲೆ ಬರೆದ ಗುಳಿಗೆ, ಎಣ್ಣೆಯ ಮಾತುಗಳು ನಿಮಗೆ ಬೇಕಾಗುವುದಿಲ್ಲ. ಮನೆಗೆ ಬೀಗ ಹಾಕಿದ್ದೇವೆ. ಕಾಕಾನ ಅಂಗಡಿಯಲ್ಲಿ ಕೊಡೋಣವೆಂದು ನಾನು ಕೀಲಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಅಮ್ಮಾ ಕಸಿದುಕೊಂಡು ಟೆಂಪೋದಿಂದ ಇಳಿದರು, ಆ ಮೊಣಕಾಲಿನಲ್ಲೇ ಓಣಿ ದಾಟಿ ಹೋಗಿ ಕರೆವ್ವಾಯಿಯ ಕೈಗೆ ಕೊಟ್ಟು ಬಂದರು. ನೀವು ಆಕೆಯ ಬಾಗಿಲು ಬಡಿದೇ ಇಸಿದುಕೊಳ್ಳಬೇಕು.